ದಿನಾಂಕ ಖಾಲಿ ಬಿಟ್ಟ ಅರ್ಜಿ

ಯಾವುದೇ ಸಭೆಯ ಹಿಂದಿನ ದಿನ ಕುಳ್ಳಯ್ಯನವರು ಚಪ್ಪಲಿ ಕಳಚಿಟ್ಟು, ಸಭಾಂಗಣದ ಹಲಗೆ ನೆಲದ ಮೇಲೆ ಹಿಮ್ಮಡಿ ಕುಟ್ಟುತ್ತಾ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು. ಸದ್ದು ಟೊಳ್ಳಾಗಿ ಕೇಳಿದ ಕಡೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುವರು. ಮಾರನೆಯ ದಿನ ಆ ಗೆರೆಯ ಮೇಲೆ ಯಾರೂ ಕುರ್ಚಿ ಹಾಕುವಂತಿಲ್ಲ. ಒಮ್ಮೆ ಭಾರಿ ಮೈಯ ಮುಖ್ಯ ಅತಿಥಿಯೊಬ್ಬರನ್ನು ವೇದಿಕೆಯ ಮಧ್ಯದಿಂದ ಎಬ್ಬಿಸಿ ಮೂಲೆಗೆ ಕೂರಿಸಿದ್ದರಂತೆ. ಯಾಕೆಂದು ಕೇಳಿದ್ದಕ್ಕೆ ವಾಸ್ತು ಎಂದಿದ್ದರಂತೆ. ಅತಿಥಿಗಳಿಗೆ ಅದೆಷ್ಟು ಹಿಡಿಸಿತೆಂದರೆ ಮುಂದಿನ ವರ್ಷ ಬಂದಾಗ ಅದೇ ಮೂಲೆಯನ್ನು ಕೇಳಿ ಪಡೆದರಂತೆ.

ಆ ಸಭಾಂಗಣ ಇರುವುದು ಹುಣಸೂರಿನ ಒಂದು ಹಳೇ ಬಂಗಲೆಯಲ್ಲಿ. ಬಿಳಿಯರ ಕಾಲದಲ್ಲಿ ಯಾವುದೋ ಕಾಫಿ ಕಂಪನಿಯ ದೊರೆ ಕಟ್ಟಿಸಿದ್ದು; ಆಮೇಲೆ ಕೈ ಬದಲಾಗಿ ವಿಶ್ವವಿದ್ಯಾನಿಲಯದ ಅಧ್ಯಯನ ಕೇಂದ್ರವಾಯಿತು. ನಾನು ಅಲ್ಲಿ ದಿನಗೂಲಿ ಬೆರಳಚ್ಚುಗಾರ. ಹೆಸರು ಮಾದೇಶ, ಊರು ಭೇರ್ಯ, ಓದು ಬಿ.ಎ. ಕಾಯಂ ಮಾಡಬೇಕಾಗಬಾರದೆಂದು ಎಂಬತ್ತೊಂಬತ್ತು ದಿನಕ್ಕೊಮ್ಮೆ ನನ್ನನ್ನು ಕೆಲಸದಿಂದ ತೆಗೆದು, ಒಂದು ದಿನ ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನ ಮಾತ್ರ ನಾನು ಸ್ವತಂತ್ರ ಭಾರತದ ಪ್ರಜೆಯಾಗಿ ಮನೆಯಲ್ಲಿ ಮಲಗಿರುತ್ತಿದ್ದೆ.

ಕುಳ್ಳಯ್ಯನವರು ಮಿರ್ಲೆಯವರು, ಬಂಗಲೆಯ ಜವಾನರು. ಊರಲ್ಲಿ ನಾಲೆಯ ಕೆಳಗೆ ಒಂದಿಷ್ಟು ಗದ್ದೆಯಿತ್ತು. ಅದನ್ನು ಹೆಂಡತಿ ತಿಮ್ಮಮ್ಮನವರು ನೋಡಿಕೊಳ್ಳುತ್ತಿದ್ದರು. ಇವರು ಮೂವತ್ತೊಂದು ವರ್ಷ ಬಂಗಲೆಯನ್ನು ನೋಡಿಕೊಂಡರು. ಸಭಾಂಗಣ ಬಳಸುವವರಿಗೆಂದು ಒಂದು ನಿಯಮಗಳ ಹಾಳೆ ಇತ್ತು. ಹೊರಗಿನವರ ಅರ್ಜಿ ಹದಿನೈದು ದಿನ ಮುಂಚೆ ಬರಬೇಕು; ನೌಕರರ ಕಾರ್ಯಕ್ರಮಕ್ಕೆ ಆ ಕಟ್ಟಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು. ದೀಪ, ಊದುಬತ್ತಿ, ಬೆಂಕಿ ಕೂಡದು. ಮದುವೆ, ನಾಮಕರಣ ಇತ್ಯಾದಿ ಖಾಸಗಿ ಸಮಾರಂಭ ಕೂಡದು. ಅಧಿಕಾರಿಗಳೆಲ್ಲ ಹಾಳೆ ನೋಡಿ ಹೇಳಿದರೆ ಕುಳ್ಳಯ್ಯನವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಸ್ವಂತ ಭಾವಮೈದ ಮಗಳ ನಿಶ್ಚಿತಾರ್ಥಕ್ಕೆ ಸಭಾಂಗಣ ಕೇಳಿದಾಗಲೂ ಅಷ್ಟೇ, ಕಣ್ಣು ಮುಚ್ಚಿದರು. ಅವನು ಇವರ ಮನೆಗೆ ಬರುವುದನ್ನೇ ಬಿಟ್ಟ.

ಅವರಿಗೆ ಬಹಳ ಬೇಕಾದ ಸಭೆಯೆಂದರೆ ಸಂತಾಪ ಸಭೆ. ಪ್ರಾಧ್ಯಾಪಕರೊಬ್ಬರು ತೀರಿಕೊಂಡರೆ ಕುರ್ಚಿಗೆ ಬಿಳೀ ಬಟ್ಟೆ ಹೊದಿಸಿ, ಫೋಟೋ ಇಟ್ಟು, ಊದುಬತ್ತಿಗೆ ಬದಲು ಸುಗಂಧರಾಜದ ಕಟ್ಟೊಂದನ್ನು ಇಟ್ಟು ಬಾಗಿಲ ಬಳಿ ನಿಲ್ಲುವರು. ಸತ್ತವರು ಎಲ್ಲಿ ಹುಟ್ಟಿದರು, ಎಲ್ಲಿ ಓದಿದರು, ಯಾವ ಯಾವ ಕಷ್ಟ ಪಟ್ಟರು ಎಂಬುದನ್ನು ಯಾರಾದರೂ ಎದ್ದು ಓದುತ್ತಾರಲ್ಲ, ಅದನ್ನು ಒಂದಕ್ಷರ ಬಿಡದೆ ಕೇಳುವರು. ಬದುಕಿದ್ದಾಗ ಇವರನ್ನು ಏಕವಚನದಲ್ಲಿ ಕರೆಯುತ್ತಿದ್ದವರ ಕಥೆ ಕೇಳಿಯೂ ಕಣ್ಣು ಒರೆಸಿಕೊಳ್ಳುವರು.

೧೯೯೯ರಲ್ಲಿ ಅವರು ನಿವೃತ್ತರಾದರು. ಮರುವರ್ಷ ಕೇಂದ್ರದ ಮುಖ್ಯಸ್ಥರು ನಿಯಮಗಳ ಹಾಳೆಯನ್ನು ಹೊಸದಾಗಿ ಬೆರಳಚ್ಚು ಮಾಡಲು ನನಗೆ ಹೇಳಿದರು. ಮಾಡಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೆಲಸ ಕಾಯಂ ಆದೀತೆಂಬ ಆಸೆಯಲ್ಲಿದ್ದವನು ಬುದ್ಧಿ ತೋರಿಸದೆ ಇರುತ್ತಾನೆಯೇ? ನಾನೇ ಒಂದು ಸಾಲು ಸೇರಿಸಿದೆ: ‘ನೌಕರರು ಎಂದರೆ ಹಾಲಿ ಸೇವೆಯಲ್ಲಿರುವವರು, ನಿವೃತ್ತರ ಕುರಿತ ಕಾರ್ಯಕ್ರಮಗಳನ್ನು ಹೊರಗಿನವರ ಕಾರ್ಯಕ್ರಮವೆಂದೇ ಪರಿಗಣಿಸತಕ್ಕದ್ದು.’ ಮುಖ್ಯಸ್ಥರು ಭೇಷ್ ಎಂದರು. ಆ ಭೇಷ್ ಒಂದನ್ನು ಮನೆಗೆ ತಂದು ಎರಡು ದಿನ ಅದರಲ್ಲೇ ಇದ್ದೆ.

೨೦೦೧ರ ಜನವರಿಯಲ್ಲಿ ಕುಳ್ಳಯ್ಯನವರು ಬಂದು ನನ್ನ ಮೇಜಿನ ಮುಂದೆ ನಿಂತರು. ಅಂಗಿಯೊಳಗೆ ಮನುಷ್ಯ ಅರ್ಧ ಉಳಿದಿದ್ದ. ಶ್ವಾಸಕೋಶದಲ್ಲಿ ಗೆಡ್ಡೆಯಂತೆ, ಮೈಸೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಮೂರ್ನಾಲ್ಕು ತಿಂಗಳು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರಂತೆ. ಇದನ್ನು ಅವರು ಬಸ್ಸು ತಡವಾದ ವಿಷಯ ಹೇಳುವಂತೆ ಹೇಳಿ, ಜೇಬಿನಿಂದ ಸಭಾಂಗಣದ ಅರ್ಜಿ ನಮೂನೆ ತೆಗೆದು ಕೊಟ್ಟರು. ಕಾರ್ಯಕ್ರಮದ ಸ್ವರೂಪ: ಸಂತಾಪ ಸಭೆ. ಯಾರ ಕುರಿತು: ಕುಳ್ಳಯ್ಯ, ನಿವೃತ್ತ ಜವಾನ. ನಿರೀಕ್ಷಿತ ಜನ: ನಲವತ್ತು. ದಿನಾಂಕದ ಜಾಗ ಖಾಲಿ.

ನನಗೆ ಮೊದಲು ನಗು ಬಂತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ನನ್ನೊಳಗಿನ ಗುಮಾಸ್ತ ಎದ್ದು ಕುಳಿತ.

“ದಿನಾಂಕ ಬರ್ದಿಲ್ವಲ್ಲ ಕುಳ್ಳಯ್ಯನೋರೆ,” ಎಂದೆ.

“ಅದ ನೀವೇ ತುಂಬ್ಕಳಿ ಮಾದೇಸಪ್ಪ. ನಾನೆಂಗೆ ತುಂಬ್ಲಿ? ರಿಟೈರಾದೋರು ಈಗ ಒರಗಿನೋರು, ಅರ್ಜಿ ಅದಿನೈದು ದಿನ ಮುಂಚೆ ಬರ್ಬೇಕು ಅಂತ ತಾನೆ ರೂಲ್ಸು? ಸತ್ಮೇಲೆ ನಮ್ಮೋರು ಬಂದು ಕೇಳುದ್ರೆ ನೀವು ಆಗಾಕಿಲ್ಲ ಅಂತೀರಿ. ಅಂಗನ್ನೋದೇ ಸರಿ ಕಣಪ್ಪ. ಅದುಕ್ಕೇ ಈಗ್ಲೇ ಬಂದೆ.”

ಯಾಕೆ ಬೇಕು ಇದೆಲ್ಲ, ಊರಲ್ಲಿ ತಿಥಿ ಮಾಡುತ್ತಾರಲ್ಲ ಎಂದೆ. ತಿಥಿಯಲ್ಲಿ ಊಟ ಹೆಂಗಿತ್ತು ಅಂತ ಮಾತಾಡುತ್ತಾರೆಯೇ ಹೊರತು ಸತ್ತವನು ಏನು ಮಾಡಿದ ಅಂತ ಯಾರೂ ಹೇಳುವುದಿಲ್ಲ ಎಂದರು. ತಿಮ್ಮಮ್ಮನವರಿಗೂ ಇಷ್ಟು ವರ್ಷ ಗಂಡ ಹುಣಸೂರಿನಲ್ಲಿ ಏನು ಮಾಡುತ್ತಿದ್ದ ಅಂತ ಗೊತ್ತಿಲ್ಲವಂತೆ. ಬಾಗಿಲು ತೆಗೆಯುವುದು, ಹಾಕುವುದು ಅಷ್ಟೇ ಅಂದುಕೊಂಡಿದ್ದಾಳೆ ಎಂದರು. “ಅವ್ಳು ಮುಂದ್ಗಡೆ ಕುರ್ಚಿ ಮೇಲೆ ಕುಂತು ಒಂದ್ಸಲ ಕೇಳ್ಬೇಕು ಕಣಪ್ಪ.”

ಅರ್ಜಿಯನ್ನು ಮುಖ್ಯಸ್ಥರ ಮುಂದಿಟ್ಟೆ. ಇದೇನ್ರೀ ತಮಾಷೆ ಎಂದರು. ನನ್ನ ಎಂಬತ್ತೊಂಬತ್ತು ದಿನ ಮುಗಿಯುವುದಕ್ಕೆ ವಾರವಿತ್ತು. ಹೌದು ಸಾರ್, ಆಕ್ಷೇಪಣೆ ಹಾಕಿ ವಾಪಸು ಕಳಿಸುತ್ತೇನೆ ಎಂದೆ. ‘ದಿನಾಂಕ ನಮೂದಿಸದ ಕಾರಣ ಹಿಂತಿರುಗಿಸಲಾಗಿದೆ’ ಎಂದು ಬರೆದು ಮಿರ್ಲೆಗೆ ಅಂಚೆಯಲ್ಲಿ ಕಳಿಸಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಹತ್ತು ದಿನಕ್ಕೆ ಅರ್ಜಿ ತಿರುಗಿ ಬಂತು. ದಿನಾಂಕದ ಜಾಗದಲ್ಲಿ ಬರೆದಿದ್ದರು: ಮಾರ್ಚ್ ೧೬, ಶುಕ್ರವಾರ. ಈಗ ಅರ್ಜಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಮುಖ್ಯಸ್ಥರು ಇತರ ಕಾಗದಗಳ ಜೊತೆ ನೋಡದೆಯೇ ಅದಕ್ಕೂ ರುಜು ಹಾಕಿದರು. ಅನುಮತಿ ಪತ್ರದ ಕೊನೆಗೆ ಎಂದಿನಂತೆ ನಾನು ಹೊಡೆದ ಸಾಲು: ‘ಕಾರ್ಯಕ್ರಮವನ್ನು ನಿಗದಿತ ದಿನಾಂಕದಂದೇ ನಡೆಸತಕ್ಕದ್ದು. ಮುಂದೂಡಲು ಅವಕಾಶವಿರುವುದಿಲ್ಲ.’

ಮಾರ್ಚ್ ಒಂದರಂದು ತಿಮ್ಮಮ್ಮನವರು ಆ ಪತ್ರ ಹಿಡಿದು ಬಂದರು. ಎರಡು ಬಸ್ಸು ಬದಲಾಯಿಸಿ, ಹೆಸರು ಕೇಳಿಕೊಂಡು ನೇರ ನನ್ನ ಮೇಜಿಗೆ ಬಂದಿದ್ದರು. ಕೂರಲಿಲ್ಲ.

“ಮಾದೇಸ ಅನ್ನೋನು ನೀನೇಯಾ? ನನ್ ಗಂಡ ಸಾಯೋ ದಿನ ಗೊತ್ತು ಮಾಡಕ್ಕೆ ನೀನ್ಯಾವನಪ್ಪ?”

ಆಕೆ ದನಿ ಏರಿಸದೆ ಹೇಳಿದರು: ವಾಪಸು ಬಂದ ಅರ್ಜಿ ನೋಡಿ ಕುಳ್ಳಯ್ಯನವರು ಕ್ಯಾಲೆಂಡರ್ ಇಳಿಸಿಕೊಡು ಎಂದರಂತೆ. ಪರೀಕ್ಷೆ ಶುರುವಾಗುವ ಮೊದಲು, ಶುಕ್ರವಾರ ಆದರೆ ಎಲ್ಲರೂ ಕಚೇರಿಯಲ್ಲಿ ಇರುತ್ತಾರೆ ಎಂದು ಲೆಕ್ಕ ಹಾಕಿ ದಿನ ಬರೆದರಂತೆ. ಅನುಮತಿ ಬಂದ ದಿನದಿಂದ ಮಾತ್ರೆ ಮುಟ್ಟಿಲ್ಲ. ಈಗ ನಾಲ್ಕು ದಿನದಿಂದ ಮುದ್ದೆ ಇಟ್ಟರೆ ತಟ್ಟೆ ಸರಿಸುತ್ತಾರೆ. ನೀರು ಮಾತ್ರ. ಯಾಕೆಂದು ಕೇಳಿದರೆ, ದಿನ ತಪ್ಪಿದರೆ ಮತ್ತೆ ಕೊಡಲ್ಲ ಅನ್ನುತ್ತಾರಂತೆ.

“ಇದ ಕ್ಯಾನ್ಸಲ್ ಮಾಡ್ಕೊಡು. ಅವ್ರು ಎಷ್ಟ್ ದಿನ ಇರ್ತಾರೋ ಇರ್ಲಿ,” ಎಂದು ಪತ್ರವನ್ನು ಮೇಜಿನ ಮೇಲಿಟ್ಟರು.

ನಿಯಮದ ಪ್ರಕಾರ ಅರ್ಜಿ ಹಾಕಿದವರೇ ಬರೆದುಕೊಟ್ಟರೆ ಮಾತ್ರ ರದ್ದು. ಅದನ್ನು ಆಕೆಗೆ ಹೇಳುವಷ್ಟು ಕಟುಕ ನಾನಾಗಿರಲಿಲ್ಲ. ಮುಖ್ಯಸ್ಥರಿಗೆ ನಡೆದದ್ದನ್ನೆಲ್ಲ ಹೇಳುವಷ್ಟು ಗಂಡಸೂ ಆಗಿರಲಿಲ್ಲ. ನಡುವೆ ಒಂದು ಹೇಡಿಯ ದಾರಿ ಕಂಡಿತು. ‘ಸಂತಾಪ ಸಭೆಗಳಿಗೆ ದಿನಾಂಕವನ್ನು ನಂತರ ತಿಳಿಸಬಹುದು’ ಎಂದು ನಾನೇ ಒಂದು ತಿದ್ದುಪಡಿ ಹೊಡೆದು, ಭಾನುವಾರ ಮಿರ್ಲೆಗೆ ಹೋದೆ.

ಕುಳ್ಳಯ್ಯನವರು ಜಗಲಿಯ ಮೇಲೆ ಗೋಡೆಗೆ ಒರಗಿದ್ದರು. ಹಾಳೆ ತೆಗೆದುಕೊಂಡು ಎರಡು ಸಲ ಓದಿದರು. ಹಿಂದುಮುಂದು ತಿರುಗಿಸಿದರು.

“ನಂಬ್ರ ಇಲ್ಲ, ಮೊಹರಿಲ್ಲ, ರುಜು ಇಲ್ಲ,” ಎಂದರು. “ಇಂತಾ ಕಾಗ್ದ ತಂದೋರ್ನ ಎಷ್ಟ್ ಜನ್ವ ಗೇಟಿಂದಾಚೆ ಕಳ್ಸಿವ್ನಿ ನಾನು. ನೀವು ಅಂಗೆ ಮಾಡ್ಬಾರ್ದಾಗಿತ್ತು ಮಾದೇಸಪ್ಪ.”

ರುಜು ಹಾಕಿಸಿ ತರುತ್ತೇನೆ, ಅಲ್ಲಿಯವರೆಗೆ ಊಟ ಮಾಡಿ ಎಂದು ಕಾಲು ಹಿಡಿದೆ. ತನ್ನಿ ನೋಡೋಣ ಎಂದರು. ತಿಮ್ಮಮ್ಮನವರು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಅದು ಅವರ ಕೈಯಲ್ಲೇ ಉಳಿಯಿತು.

ಸೋಮವಾರ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಮೊದಲೇ ಯಾಕ್ರೀ ಹೇಳಲಿಲ್ಲ ಎಂದರು. ಮೇಲಿನ ಕಚೇರಿಗೆ ಫೋನು ಮಾಡಿ ಒಪ್ಪಿಸಿದರು. ಗುರುವಾರ ನಂಬರು, ಮೊಹರು, ರುಜು ಎಲ್ಲ ಇದ್ದ ತಿದ್ದುಪಡಿ ನನ್ನ ಕೈಗೆ ಬಂತು. ಶುಕ್ರವಾರ ರಜೆ ಕೇಳಿದ್ದರೆ ನನ್ನ ಎಂಬತ್ತೊಂಬತ್ತು ದಿನದ ಲೆಕ್ಕ ಕೆಡುತ್ತಿತ್ತು. ಭಾನುವಾರ ಹೇಗೂ ಹೋಗುತ್ತೇನಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಅವರು ಹೋದ ಸುದ್ದಿ ಬಂತು.

ಹದಿನಾರನೇ ತಾರೀಕು ಶುಕ್ರವಾರ ಸಭೆ ನಡೆಯಿತು. ನಲವತ್ತಲ್ಲ, ಅರವತ್ತು ಜನ ಸೇರಿದ್ದರು. ಟೊಳ್ಳು ಹಲಗೆ ಯಾವುದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಗೋಡೆಯ ಬದಿಗೆ ಸರಿದು ಕುಳಿತೆವು. ಮುಂದಿನ ಸಾಲಿನಲ್ಲಿ ತಿಮ್ಮಮ್ಮನವರಿಗೆಂದು ಒಂದು ಕುರ್ಚಿ ಇಟ್ಟಿದ್ದೆ. ಆಕೆ ಬರಲಿಲ್ಲ. ಕುಳ್ಳಯ್ಯನವರ ಬದುಕಿನ ವಿವರವನ್ನು ನಾನೇ ಓದಿದೆ: ಮಿರ್ಲೆಯಲ್ಲಿ ಹುಟ್ಟಿದ್ದು, ನೀರು ಹೊರುವ ಕೆಲಸಕ್ಕೆ ಸೇರಿದ್ದು, ಒಂದು ವರ್ಷ ಚಾವಣಿ ಸೋರಿದಾಗ ಮೂರು ದಿನ ಇಲ್ಲೇ ಇದ್ದು ನೆಲ ಒರೆಸಿದ್ದು. ಕೆಲವರು ಅತ್ತರು. ಅಳುವವರ ಪೈಕಿ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದವರೂ ಇದ್ದರು.

ಭಾನುವಾರ ಮತ್ತೆ ಮಿರ್ಲೆಗೆ ಹೋದೆ. ಓದಿದ ಎರಡು ಹಾಳೆಗಳನ್ನು ತಿಮ್ಮಮ್ಮನವರಿಗೆ ಕೊಡಲು ಹೋದರೆ, ನನಗೆ ಓದು ಬರಲ್ಲ, ನೀನೇ ಓದು ಎಂದರು. ಜಗಲಿಯ ಮೇಲೆ ಕುಳಿತು ಓದಿದೆ. ರಾಗಿ ಕೇರುವುದನ್ನು ನಿಲ್ಲಿಸಿ ಕೊನೆಯವರೆಗೆ ಕೇಳಿದರು.

“ಉಣ್ದೇ ಸತ್ರು ಅಂತ ಅದ್ರಲ್ಲಿ ಬರ್ದಿದ್ದೀಯಾ?”

ಇಲ್ಲ ಎಂದೆ.

ಆಕೆ ಮೊರ ತೆಗೆದುಕೊಂಡು ಒಳಗೆ ಹೋದರು. ಹಾಳೆಗಳನ್ನು ಮಡಿಸಿ ಜೇಬಿಗಿಟ್ಟು, ಬಸ್ಸಿನ ಹೊತ್ತಾಯಿತೆಂದು ಎದ್ದೆ.