ವರ್ಕ್‌ಶಾಪ್ ಮಾಸ್ತರರ ಸಣ್ಣ ದನಿ

ಹೋದ ತಿಂಗಳು ಬೆಳಗಾವಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಕಿತ್ತೂರು ದಾಟಿದ ಮೇಲೆ ನಮ್ಮ ಬಸ್ಸು ಒಂದು ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಿತು. ಸಕ್ಕರೆ ಕಾರ್ಖಾನೆಯ ಕಾಕಂಬಿ ತುಂಬಿದ ಟ್ಯಾಂಕರು. ಎಲ್ಲೋ ಸೋರಿ, ಕಾದ ತಗಡಿಗೆ ತಾಗಿ, ಬೆಲ್ಲ ಸೀದಂಥ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು "ಯಪ್ಪಾ, ಏನ್ ನಾತ!" ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟು ವರ್ಷಗಳಾದರೂ ಈ ವಾಸನೆ ಬಂದರೆ ಹೀಗೇ ಆಗುತ್ತದೆ...

ಅದು ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿಕೊಂಡು ಬೈಲಹೊಂಗಲದ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದ್ದೆ. ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವ ಹಾಗೆ, ಹುಡುಗರಿಗೆ ನಾನು ‘ಬಾಯಾರು’. ಅದೇ ವರ್ಷ ಶಾಲೆಯಲ್ಲಿ ತಾಂತ್ರಿಕ ವಿಭಾಗ ತೆರೆದಿದ್ದರು. ಎಂಟನೆಯ ತರಗತಿಯವರು ವಾರದಲ್ಲಿ ಒಂದೆರಡು ಮಧ್ಯಾಹ್ನ ಪುಸ್ತಕ ಮುಚ್ಚಿಟ್ಟು ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಬೇಕು. ಬಡಗಿ ಕೆಲಸ, ಫಿಟ್ಟಿಂಗ್, ವೈರಿಂಗ್, ಕುಲುಮೆ, ಎರಕ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿ ನೋಡಬೇಕು. ಮುಂದೆ ಯಾವ ಕೆಲಸ ತನಗೆ ಒಗ್ಗುತ್ತದೆಂದು ಹುಡುಗನಿಗೆ ಈಗಲೇ ಒಂದಿಷ್ಟು ಅಂದಾಜಾಗಲಿ ಎಂಬುದು ಅದರ ಉದ್ದೇಶ.

ಊರಿಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಕಿತ್ತೂರಿನ ಕಡೆಯ ಒಬ್ಬ ಹೊಲಮನೆಯವರು ಹೆಡ್‌ಮಾಸ್ತರರ ಕೋಣೆಗೇ ಬಂದು, "ನಮ್ಮ ಹುಡುಗ ತಿದಿ ಊದಾಕ ಸಾಲಿಗೆ ಬರಬೇಕೇನ್ರಿ? ಅದಕ್ಕ ಕಂಬಾರ ಸಾಲಿ ಸಾಲದಾ?" ಎಂದು ಕೇಳಿದ್ದರು. ಅದೇ ವಾರ, ಬುದ್ಧನ ಪಟವಿದ್ದ ಮನೆಯ ಒಬ್ಬ ತಾಯಿ ಮಗನನ್ನು ಕರೆತಂದು, "ಕೈಗೆ ಮಸಿ ಹತ್ತಿದ್ರ ತೊಳದ್ರ ಹೊಕ್ಕೈತ್ರಿ. ನೀವು ಕಲಸ್ರಿ" ಎಂದಿದ್ದಳು. ಕೊನೆಗೆ ಆ ಇಬ್ಬರು ಹುಡುಗರೂ ಅದೇ ಶೆಡ್ಡಿಗೆ ಬಂದರು, ಒಂದೇ ಬೆಂಚಿನಲ್ಲಿ ಕಬ್ಬಿಣಕ್ಕೆ ಅರ ಉಜ್ಜುತ್ತ ಜೊತೆಗಾರರೂ ಆದರು.

ಆ ಶೆಡ್ಡಿನ ಒಡೆಯರು ನಮ್ಮ ವರ್ಕ್‌ಶಾಪ್ ಮಾಸ್ತರು. ರಾಮದುರ್ಗದ ಕಡೆಯವರು. ಡಿಪ್ಲೊಮಾ ಮಾಡಿ, ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು ಬಂದಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಎಣ್ಣೆ ಹಚ್ಚಿ ತೀಡಿದ ಮೀಸೆ. ಕುಲುಮೆಯ ಮುಂದೆ ಕೂತು ಎದ್ದರೂ ಮೊದಲು ಮೀಸೆ ಸರಿಮಾಡಿಕೊಳ್ಳುತ್ತಿದ್ದರು. ದನಿಯಂತೂ ಕೇಳಬೇಡಿ. "ಲೇ ಗೂಟಾ, ಅರಾ ಹಿಡಿಯೂದು ಹಂಗೇನೋ? ನಿಮ್ಮಪ್ಪನ ಬೆನ್ನ ಕೆರದಂಗ ಮಾಡಾಕ ಹತ್ತೀಯಲ್ಲ!" ಎಂದು ಅವರು ಒದರಿದರೆ ಮಾರ್ಕೆಟ್ ಯಾರ್ಡಿನಲ್ಲಿ ಕಟ್ಟಿದ ಎತ್ತುಗಳು ಬೆದರುತ್ತವೆಂದು ಹುಡುಗರು ನಗುತ್ತಿದ್ದರು. ನಗುತ್ತಿದ್ದವರೇ ಆ ಕೂಗು ಬಿದ್ದ ಕೂಡಲೇ ಹೌಹಾರಿ ಕೈಯಲ್ಲಿದ್ದುದನ್ನು ಕೆಳಗೆ ಹಾಕಿಬಿಡುತ್ತಿದ್ದರು.

ಒಮ್ಮೆ ತಡೆಯಲಾರದೆ ನಾನೇ ಹೋಗಿ ಹೇಳಿದೆ: "ಸರ್, ಸ್ವಲ್ಪ ಸಾವಕಾಶ ಮಾತಾಡ್ರಿ. ನನ್ನ ಕ್ಲಾಸಿನ ಹುಡುಗರಿಗೂ ನಿಮ್ಮ ಪಾಠನ ಕೇಳಸ್ತೈತಿ."

"ಹಂಗಾರ ಒಂದ ಪಗಾರದಾಗ ಎರಡ ಕ್ಲಾಸ್ ಆತ ಬಿಡ್ರಿ, ಬಾಯಾರ!" ಎಂದು ನಕ್ಕರು. ಅದೂ ಜೋರಾಗಿಯೇ.

ಎರಕದ ಪಾಠ ಬಂದಾಗ ಶಾಲೆಯ ಬಾವಿಗೆ ನೀರು ಸೇದುವ ಒಂದು ಗಡಗಡೆ, ಅಂದರೆ ರಾಟೆ, ಎರೆಯಬೇಕೆಂದು ಮಾಸ್ತರು ನಿಶ್ಚಯಿಸಿದರು. ಹುಡುಗರು ಮನೆಮನೆಯಿಂದ ಒಡಕು ಅಲ್ಯೂಮಿನಿಯಂ ಪಾತ್ರೆಗಳನ್ನು ಹೊತ್ತು ತಂದರು. ಉಸುಕಿಗೆ ಕಾಕಂಬಿ ಕಲಸಿ, ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿ, ಗಡಗಡೆಯ ಅಚ್ಚು ತೆಗೆದು, ಕೆಂಡದ ಮೇಲೆ ಒಣಗಿಸಿದರು. ಶಾಲೆಯ ತುಂಬ ಸೀದ ಬೆಲ್ಲದ ವಾಸನೆ. ನಾನು ನೋಡಲು ಹೋದಾಗ ಮಾಸ್ತರು ಅಚ್ಚನ್ನು ಬೆರಳಿನಿಂದ ತಟ್ಟಿ ಹೇಳಿದ್ದರು: "ಹನಿ ನೀರು ಉಳಿದಿರಬಾರದ್ರಿ ಇದರಾಗ. ಕಾದ ಲೋಹದ ರಸದ ಕೆಳಗ ನೀರು ಸಿಕ್ಕಿತಂದ್ರ ಉಗಿ ಆಗಿ ಸಿಡೀತೈತಿ. ಮುಂದ ನಿಂತವ್ರ ಮಾರಿ ಉಳಿಯೂದಿಲ್ಲ."

ಮೊದಲ ಎರಕ ನೋಡಲು ಶಾಲಾ ಮಂಡಳಿಯ ಹಿರಿಯರೊಬ್ಬರು ಬಂದರು. ಹತ್ತಿಯ ಅಡತಿ ವ್ಯಾಪಾರಸ್ಥರು, ದೈವಭಕ್ತರು, ಒಳ್ಳೆಯವರು. ತಾಂತ್ರಿಕ ವಿಭಾಗ ಮುಂದಿನ ವರ್ಷ ನಡೆಯಬೇಕೋ ಬೇಡವೋ ಎಂಬುದು ಅವರ ಮಾತಿನ ಮೇಲೆ ನಿಂತಿತ್ತು. ಹತಾರಗಳಿಗೆ ವಿಭೂತಿ ಹಚ್ಚಿ ಪೂಜೆಯಾಯಿತು. ಶೆಡ್ಡಿನ ಮೂಲೆಯಲ್ಲಿ ಒಲೆ, ನಟ್ಟನಡುವೆ ಅಚ್ಚಿನ ಪೆಟ್ಟಿಗೆ, ಅದರ ಸುತ್ತ ಹುಡುಗರು. ನಾನು ಪೆಟ್ಟಿಗೆಯ ಆಚೆ ಬದಿಗೆ ನಿಂತಿದ್ದೆ.

ಮಾಸ್ತರು ಒಲೆಯ ಕಡೆ ಮುಖಮಾಡಿ, ಕರಗಿದ ಲೋಹದ ಮೇಲಿನ ಕಿಟ್ಟ ತೆಗೆಯುತ್ತಿದ್ದರು. ಗಾಳಿ ಊದುವ ಯಂತ್ರದ ಸದ್ದಿನಲ್ಲಿ ಅವರಿಗೆ ಬೇರೇನೂ ಕೇಳುತ್ತಿರಲಿಲ್ಲ. ಆಗ ಹಿರಿಯರು ಉಳಿದಿದ್ದ ತೆಂಗಿನಕಾಯಿ ಕೈಗೆತ್ತಿಕೊಂಡರು. "ಬಾವಿಗೆ ಹೋಗೂ ಗಡಗಡಿ ಇದು. ಗಂಗಮ್ಮನ ಪಾಲು ಗಂಗಮ್ಮಗ ಸಲ್ಲಬೇಕಲ್ಲ" ಎಂದರು. ಪೆಟ್ಟಿಗೆಯ ಮೂಲೆಗೇ ಕಾಯಿ ಒಡೆದು, ಕಣ್ಣು ಮುಚ್ಚಿ, ಅದರ ನೀರನ್ನೆಲ್ಲ ಅಚ್ಚಿನ ಬಾಯಿಗೆ ಸುರಿದರು. ಕಣ್ಣಿಗೊತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂತರು. ನಮ್ಮಲ್ಲಿ ಬಾವಿ ತೋಡಿದರೂ, ಮೋಟರು ಕೂರಿಸಿದರೂ ಗಂಗಮ್ಮನಿಗೆ ಕೊಟ್ಟೇ ಮುಂದಿನ ಕೆಲಸ. ಅಲ್ಲಿದ್ದ ಯಾರಿಗೂ ಅದು ವಿಶೇಷವೆನಿಸಲಿಲ್ಲ.

ಅದೇ ಗಳಿಗೆಗೆ ಯಂತ್ರ ನಿಲ್ಲಿಸಿ, ಒಂದೇ ಬೆಂಚಿನ ಆ ಇಬ್ಬರು ಹುಡುಗರು ಲೋಹ ಕರಗಿದ ಮೂಸೆ ಎತ್ತಿದ್ದರು. ಉದ್ದನೆಯ ಕಬ್ಬಿಣದ ಹಿಡಿಕೆಯ ಒಂದು ತುದಿ ಇವನ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ನಡುವೆ ಕರಗಿದ ಲೋಹ ಕನ್ನಡಿಯಂತೆ ತುಳುಕುತ್ತಿತ್ತು. ಹೆಜ್ಜೆ ಹೆಜ್ಜೆಯಾಗಿ ಬಂದು ಪೆಟ್ಟಿಗೆಯ ಮೇಲೆ ಮೂಸೆ ಹಿಡಿದು, ಬಾಗಿಸತೊಡಗಿದರು.

ಮಾಸ್ತರು ಹಿಂದಿನಿಂದ ಬಂದರು. ಒಡೆದ ಕಾಯಿಯ ಹೋಳುಗಳನ್ನು ನೋಡಿದರು. ಅಚ್ಚಿನ ಬಾಯಿಯ ಸುತ್ತ ಉಸುಕು ಕಪ್ಪಗೆ ನೆನೆದಿದ್ದನ್ನೂ ನೋಡಿದರು. ತಲೆಯೆತ್ತಿದಾಗ ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿತು. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆರಳಿನಿಂದ ತಟ್ಟಿ ಹೇಳಿದ್ದ ಮಾತು ನನಗೆ ಆಗ ನೆನಪಾಯಿತು. ಈಗ ಕೂಗುತ್ತಾರೆ, ಅಂದುಕೊಂಡೆ. ಕೂಗಿದರೆ ಹುಡುಗರು ಹೌಹಾರಿ ಮೂಸೆಯನ್ನು ಅಲ್ಲೇ ಬಿಡುತ್ತಾರೆ...

ಮಾಸ್ತರು ಕೂಗಲಿಲ್ಲ. ತೊಟ್ಟಿಲಲ್ಲಿ ಮಲಗಿದ ಕೂಸು ಏಳಬಾರದೆಂಬಂತೆ ಮಾತಾಡಿದರು.

"ತಮ್ಮಾ, ಮುಂಜಾನಿ ಏನ್ ತಿಂದ ಬಂದೀಪಾ?"

ಹುಡುಗ ಬಾಗಿಸುತ್ತಿದ್ದ ಕೈ ನಿಲ್ಲಿಸಿ, "ರೊಟ್ಟಿರಿ ಸರ್" ಎಂದ.

"ಪಲ್ಯಾ?"

"ಬದನಿಕಾಯಿರಿ."

"ಅದಕ್ಕ ಕೈ ಗಟ್ಟಿ ಅದಾವ ನಿನ್ನವು. ಇಬ್ರೂ ಹಂಗ ಮೂಸಿ ನೆಟ್ಟಗ ಮಾಡ್ರಿ... ಭೇಷ್. ಸ್ವಲ್ಪ ಮ್ಯಾಲೆತ್ರಿ... ಎಡಕ್ಕ ಬರ್ರಿ, ನನ್ನ ಕಡೆ."

"ಪೆಟ್ಟಿಗಿ ಈಕಡೆ ಐತೆಲ್ರಿ ಸರ್?" ಎಂದ ಇನ್ನೊಬ್ಬ.

"ಇರಲೇಳೋ, ಎಲ್ಲಿ ಹೊಕ್ಕೈತಿ ಅದು? ನಿಮ್ಮನಿ ಎಮ್ಮಿ ಈದೈತೇನು?"

"ಈದೈತ್ರಿ. ಹೆಣ್ಣಗರ."

"ಹಂಗಾರ ಗಿಣ್ಣ ತಂದಕೊಡು ನನಗ. ಬರ್ರಿ, ಬರ್ರಿ..."

ಹೀಗೆ ಮಾತಾಡುತ್ತ, ಹಿಂದೆ ಹಿಂದೆ ಸರಿಯುತ್ತ, ಪೆಟ್ಟಿಗೆಗೂ ಹುಡುಗರಿಗೂ ನಡುವೆ ತಮ್ಮ ಮೈ ಇಟ್ಟುಕೊಂಡು, ಅವರನ್ನು ಗೋಡೆಯ ಬದಿಗೆ ಕರೆದೊಯ್ದರು. ಅಲ್ಲಿ ಒಣ ಉಸುಕಿನ ಗುಂಪಿತ್ತು. "ಇದರಾಗ ಸುರುವ್ರಿ" ಎಂದರು. ಲೋಹ ಉಸುಕಿನ ಮೇಲೆ ಬೆಳ್ಳಗೆ ಹರಡಿಕೊಂಡು ಹೆಪ್ಪುಗಟ್ಟಿತು. ತಳದಲ್ಲಿ ಸ್ವಲ್ಪ ಉಳಿದಿದ್ದ ಮೂಸೆಯನ್ನು ಮತ್ತೆ ಒಲೆಯಲ್ಲಿ ಇಡಿಸಿದರು.

ಹಿರಿಯರು ಬೆಂಚಿನಿಂದ ಎದ್ದರು. "ಇದೇನ್ರಿ ಮಾಸ್ತರ, ಮಣ್ಣಾಗ ಸುರುವೂದ ನೋಡಾಕ ನಾ ಅಡತಿ ಬಿಟ್ಟ ಬಂದ್ನೇನು?"

"ತಪ್ಪಾತ್ರಿ ಯಜಮಾನ್ರ. ರಸ ಕಾದಿದ್ದಿಲ್ಲ. ಮುಂದಿನ ವಾರ ಎರೀತೇವ್ರಿ."

ಎಲ್ಲರೂ ಹೋದ ಮೇಲೆ ಮಾಸ್ತರು ನನ್ನನ್ನು ಬಾಗಿಲ ಆಚೆ ನಿಲ್ಲಲು ಹೇಳಿದರು. ಎರೆದಿದ್ದರೆ ಏನಾಗುತ್ತಿತ್ತು ನೋಡೋಣವೆಂದು, ದಪ್ಪ ತಗಡೊಂದನ್ನು ಅಡ್ಡ ಇಟ್ಟುಕೊಂಡು, ಮೂಸೆಯ ತಳದ ಲೋಹವನ್ನು ಉದ್ದ ಹಿಡಿಕೆಯ ಸೌಟಿನಲ್ಲಿ ತೆಗೆದು, ದೂರದಿಂದಲೇ ಅಚ್ಚಿನ ಬಾಯಿಗೆ ಬಿಟ್ಟರು. ಬಂದೂಕು ಹಾರಿಸಿದಂಥ ಸದ್ದು. ಪೆಟ್ಟಿಗೆಯ ಮೇಲಿನ ಅರ್ಧ ನೆಗೆದು ಮಗುಚಿತು. ಲೋಹ ಮೇಲಕ್ಕೆ ಚಿಮ್ಮಿ ಶೆಡ್ಡಿನ ತಗಡಿಗೆ ಬಡಿದು, ಬೆಳ್ಳಿಯ ಹಿಟ್ಟಿನ ಹಾಗೆ ಅಲ್ಲಲ್ಲಿ ಅಂಟಿಕೊಂಡಿತು. ಹುಡುಗರ ಮುಖಗಳಿದ್ದ ಎತ್ತರವನ್ನು ದಾಟಿ ಹೋಗಿತ್ತು ಅದು.

ಮಾಸ್ತರು ಇಸ್ತ್ರಿಯ ಅಂಗಿಯಲ್ಲೇ ನೆಲದ ಮಸಿಯ ಮೇಲೆ ಕುಸಿದು ಕೂತರು. "ಒಂದು ಸೌಟಿಗೆ ಹಿಂಗ..." ಎಂದರು.

"ಹಿರಿಯರಿಗೆ ಹೇಳಬೇಕಿತ್ರಿ ಸರ್" ಎಂದೆ.

"ಅವರಿಗೆ ಹೇಳಿದ್ರ ಸಂಜಿಕ ಊರಿಗೆಲ್ಲ ಗೊತ್ತಾಗತೈತ್ರಿ. ಆ ಹುಡುಗರಿಗೂ ಗೊತ್ತಾಗತೈತಿ. ಆಮ್ಯಾಲ ಅವು ಮೂಸಿ ಹಿಡಿಯೂದಿಲ್ಲ. ಹಿಡಿದ್ರೂ ಕೈ ನಡಗತಾವ. ನಡಗೂ ಕೈಯಾಗ ರಸಾ ಕೊಡಬಾರದ್ರಿ ಬಾಯಾರ. ನೀವೂ ಹೇಳಬ್ಯಾಡ್ರಿ."

ಮರುದಿನ ಶೆಡ್ಡಿನ ಬಾಗಿಲ ಹೊರಗೆ ಒಂದು ಚಪ್ಪಟೆ ಕಲ್ಲು ಬಂತು. ಕಾಯಿ ಒಡೆಯುವುದಿದ್ದರೆ ಅಲ್ಲೇ. ಅಚ್ಚಿನ ಪೆಟ್ಟಿಗೆಯ ಸುತ್ತ ಹಗ್ಗ. ಎರೆಯುವವರನ್ನು ಬಿಟ್ಟರೆ ಹೆಡ್‌ಮಾಸ್ತರರೂ ಒಳಗೆ ಬರುವಂತಿಲ್ಲ. ಎರೆಯುವ ಮೊದಲು ಉಸುಕು ಒಣಗಿದೆಯೇ ಎಂದು ಹುಡುಗರೇ ಬೆರಳಿಟ್ಟು ನೋಡಿ ಒಪ್ಪಬೇಕು. ಮುಂದಿನ ವಾರ ಅದೇ ಇಬ್ಬರು ಗಡಗಡೆ ಎರೆದರು. ಹಿರಿಯರು ಅದನ್ನು ತಿರುವಿ ನೋಡಿ ಮೆಚ್ಚಿದರು, ವಿಭಾಗ ಉಳಿಯಿತು. ಮಾಸ್ತರಿಗೆ ಮಾತ್ರ ಚಹಾದಂಗಡಿಯವರು ‘ಮಣ್ಣಾಗ ಸುರುವಿದ ಮಾಸ್ತರು’ ಎಂದು ಹೆಸರಿಟ್ಟರು. ನಾನು ಮದುವೆಯಾಗಿ ಬೈಲಹೊಂಗಲ ಬಿಡುವತನಕ ಆ ಹೆಸರು ಹೋಗಲಿಲ್ಲ. ಮೀಸೆಯ ಬಗ್ಗೆ ಅಷ್ಟು ಅಭಿಮಾನವಿದ್ದ ಮನುಷ್ಯ, ಒಂದು ಮಾತಿನಲ್ಲಿ ಅಳಿಸಿಹಾಕಬಹುದಾಗಿದ್ದ ಆ ಅಡ್ಡಹೆಸರನ್ನು ಹೊತ್ತುಕೊಂಡೇ ಬಜಾರಿನಲ್ಲಿ ತಿರುಗಾಡಿದರು. ಶೆಡ್ಡಿನಲ್ಲಿ ಮತ್ತೆ ಎಂದಿನಂತೆ ಒದರಿದರು. ನನ್ನ ಕ್ಲಾಸಿನಲ್ಲಿ ಆ ಕೂಗು ಕೇಳಿಸಿದಾಗಲೆಲ್ಲ ಪಾಠ ನಿಲ್ಲಿಸಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದೆ. ಕೂಗುತ್ತಿದ್ದಾರೆ, ಅಂದರೆ ಎಲ್ಲ ನೆಟ್ಟಗಿದೆ.

ಬಸ್ಸಿನಿಂದ ಇಳಿದು ಮನೆಗೆ ಬಂದ ಸಂಜೆ, ಆ ಇಬ್ಬರಲ್ಲಿ ಒಬ್ಬನಿಗೆ ಫೋನು ಮಾಡಿದೆ. ರೊಟ್ಟಿ ತಿಂದು ಬಂದಿದ್ದ ಹುಡುಗ; ತಾಯಿಯ ಕೈ ಹಿಡಿದು ಶಾಲೆಗೆ ಬಂದವನು. ಬೆಳಗಾವಿಯಲ್ಲಿ ಸ್ವಂತ ಫೌಂಡ್ರಿ ಮಾಡಿ, ಈಗ ಮಗಳಿಗೆ ವಹಿಸಿಕೊಟ್ಟಿದ್ದಾನೆ. ಮಾಸ್ತರು ಹೇಗಿದ್ದಾರೆಂದು ಕೇಳಿದೆ.

"ಹೋದ್ರಲ್ರಿ ಬಾಯಾರ... ಬ್ಯಾಸಗಿಯೊಳಗ. ರಾಮದುರ್ಗಕ್ಕ ಹೋಗಿ ಮಣ್ಣು ಕೊಟ್ಟ ಬಂದೆ. ನಿಮಗ ಹೇಳಾಕ ನಂಬರ ಇದ್ದಿದ್ದಿಲ್ಲರಿ, ನನ್ನ ಫೋನ ಹಾಳಾಗಿತ್ತು."

ಅವರು ಉಸುಕಿನಲ್ಲಿ ಸುರಿಸಿದ ದಿನ ನೆನಪಿದೆಯೇ ಎಂದು ಕೇಳಿದೆ.

"ಅದನ್ನ ಹೆಂಗ ಮರೀಲಿರಿ? ಹುಟ್ಟಿದಾಗಿಂದ ಬರೇ ಬೈಗಳಾ ಬೈದ ಮನಶ್ಯಾ, ಅವತ್ತೊಂದ ದಿವಸ ನನಗ ಊಟಾ ಕೇಳಿದ್ರು. ಯಾಕ ಕೇಳಿದ್ರೋ ಏನೋ... ಭಾಳ ಜೀವ ಇತ್ರಿ ಅವರಿಗೆ ನಮ್ಮ ಮ್ಯಾಲ."

"ಹೌದು, ಇತ್ತು" ಎಂದೆ. ಅಚ್ಚಿನಲ್ಲಿ ನೀರಿದ್ದ ಮಾತನ್ನು ಫೋನಿನಲ್ಲಿ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ. ಅವನು ಇದನ್ನು ಓದಿದರೆ ಓದಲಿ. ಈಗ ನಡುಗಿದರೂ ಅವನ ಕೈಯಲ್ಲಿ ಮೂಸೆಯಿಲ್ಲ. ಆ ಮಧ್ಯಾಹ್ನದ ಭಯವನ್ನು ಬಲ್ಲವರು ಈ ಲೋಕದಲ್ಲಿ ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ ಉಳಿದಿದ್ದೇನೆ.