ವಾಪಸ್ ತಂದವರ ಸೈನು

ಮುನಿಶಾಮಪ್ಪನವರ ಪಂಕ್ಚರ್ ಅಂಗಡಿಯಲ್ಲಿ ಸ್ಪ್ಯಾನರ್ ಕೇಳಿದರೂ ಪುಸ್ತಕದಲ್ಲಿ ಸೈನ್ ಹಾಕಬೇಕಿತ್ತು. ತಗೊಂಡಾಗ ಒಂದು, ವಾಪಸ್ ಕೊಟ್ಟಾಗ ಇನ್ನೊಂದು. ವಾಪಸ್ ಬಂದದ್ದನ್ನು ಕಣ್ಣಾರೆ ನೋಡದೆ ಅವರು ಪಕ್ಕದಲ್ಲಿ ತಮ್ಮ ಸೈನ್ ಹಾಕುವವರಲ್ಲ. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ಅಂಟಿಸಿಕೊಂಡ ಚಟ. ನಂಗಲಿ ಹೆದ್ದಾರಿಯ ಲಾರಿ ಡ್ರೈವರುಗಳು ಗೊಣಗುತ್ತಲೇ ಗೀಚುತ್ತಿದ್ದರು.

ನಾನು ಅಲ್ಲಿನ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು. ಸಂಜೆ ಮುಳಬಾಗಿಲಿನ ಬಸ್ಸು ಬರುವ ತನಕ ಅವರ ಬೆಂಚೇ ನನ್ನ ಯುದ್ಧಭೂಮಿ. ಮೊಬೈಲ್ ಆಟದಲ್ಲಿ ನಾನು ಎರಡನೇ ಮಹಾಯುದ್ಧದ ಜಪಾನಿ ಪೈಲಟ್. ಗುರಿ ಇಡುವ ರಗಳೆ ಯಾಕೆಂದು ವಿಮಾನ ಸಮೇತ ಹಡಗಿಗೇ ನುಗ್ಗುತ್ತಿದ್ದೆ. ಢಮಾರ್! ಪರದೆ ತುಂಬ ಚಿನ್ನದ ಪದಕ. ಮೂರೇ ಸೆಕೆಂಡಿಗೆ ಹೊಸ ವಿಮಾನ, ಹೊಸ ಪೈಲಟ್. ಬೆಳಿಗ್ಗೆ ತರಗತಿಯಲ್ಲಿ ಅದೇ ಆತ್ಮಾಹುತಿ ದಾಳಿಯನ್ನು “ಒಂದು ಅಂಕದ ಪ್ರಶ್ನೆ, ಬರ್ಕೊಳ್ಳಿ” ಎಂದು ಮುಗಿಸಿದ ಮಹಾನುಭಾವನೂ ನಾನೇ.

ಒಂದು ದಿನ ಅವರು ಬೆನ್ನ ಹಿಂದೆ ನಿಂತು ನೋಡಿದರು.

“ಏನ್ ಮೇಷ್ಟ್ರೇ, ಇಳ್ಸೋದಿಲ್ವಾ?”

“ಇಳಿಸಿದ್ರೆ ಪಾಯಿಂಟ್ ಬರಲ್ಲ ಸಾರ್.”

“ಅಯ್ಯೋ ದೇವುಡಾ! ಇಳ್ಸಕ್ಕೆ ಬರ್ದಿರೋನ್ಗೆ ಪದಕ ಬೇರೆ ಕೇಡು!”

ಮರುದಿನದಿಂದ ಅವರ ಪುಸ್ತಕದಲ್ಲಿ ನನಗೂ ಒಂದು ಪುಟ. ಪ್ರತಿ ವಿಮಾನಕ್ಕೂ ಸೈನ್ ಹಾಕಬೇಕು. ಲಾರಿಯವರ ಮುಂದೆ ನನ್ನ ಮಾನ ಹರಾಜು. “ಮೇಷ್ಟ್ರು ಇವತ್ತು ಹದಿನಾಲ್ಕು ಪ್ಲೇನ್ ತಗೊಂಡೋದ್ರು, ಒಂದೂ ವಾಪಸ್ ತಂದಿಲ್ಲ ಕಣ್ರಪ್ಪಾ. ಇವ್ರ ಕೈಗೆ ಸ್ಪ್ಯಾನರ್ ಕೊಟ್ಟೀರಾ!”

ಒಮ್ಮೆ ರೇಗಿ ಹೋಯಿತು. “ಇದು ಬರೀ ಆಟ ಸಾರ್!” ಎಂದೆ.

ಅವರು ನಗಲಿಲ್ಲ. “ನಾನು ಚೆಕ್ ಮಾಡಿ ಕಳ್ಸಿದ ಪ್ಲೇನ್ ಒಂದು ಬರ್ಲೇ ಇಲ್ಲ ಮೇಷ್ಟ್ರೇ. ಪೈಲಟ್ಟು ಚಿಕ್ಕ ವಯಸ್ಸಿನೋನು, ಬಂದ್ಮೇಲೆ ಟೀ ಕುಡ್ಯಾಣ ಅಂದಿದ್ದ. ಪುಸ್ತಕ ಇಡ್ಕೊಂಡು ರನ್‌ವೇ ಪಕ್ಕ ನಿಂತೇ ಇದ್ದೆ. ಮೂರು ಸೆಕೆಂಡ್ಗೆ ಇನ್ನೊಬ್ಬ ಬರ್ಲಿಲ್ಲಪ್ಪಾ.”

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರ ಎದುರು ಒಂದಾದರೂ ವಿಮಾನ ಇಳಿಸಿ ತೋರಿಸಬೇಕೆಂದು ಹಟ ಹಿಡಿದೆ. ಅಬ್ಬಬ್ಬಾ, ಸಾಯುವುದಕ್ಕಿಂತ ಇಳಿಯುವುದೇ ಕಷ್ಟ! ಆಟದ ನನ್ನ ತಂಡದವರು ಹೇಡಿ ಎಂದು ಬೈದು ಹೊರಹಾಕಿದರು. ದಸರಾ ರಜೆಯಲ್ಲಿ ಕೊನೆಗೂ ಚಕ್ರ ನೆಲ ಮುಟ್ಟಿ ವಿಮಾನ ನಿಂತಿತು.

ರಜೆ ಮುಗಿದೊಡನೆ ಓಡಿದೆ. ಅಂಗಡಿ ಮುಚ್ಚಿತ್ತು. ಎದೆನೋವು ಬಂದು ಹೋಗಿಬಿಟ್ಟಿದ್ದರು.

ಅವರ ಮಗಳು ಪುಸ್ತಕ ತಂದುಕೊಟ್ಟಳು. “ಮೇಷ್ಟ್ರು ಒಂದಾದ್ರೂ ತಂದೇ ತರ್ತಾರೆ ಅಂತಿದ್ರು ಸಾರ್.”

ನನ್ನ ಪುಟದ ಎಡಗಡೆ ಸಾಲು ಸಾಲಾಗಿ ನನ್ನ ಸೈನು. ವಾಪಸ್ ತಂದವರ ಜಾಗ ಪೂರ್ತಿ ಖಾಲಿ. ಆದರೆ ಕೊನೆಯ ಸಾಲಿನಲ್ಲಿ, ನೋಡಿದವರು ಹಾಕುವ ಕಡೆ, ಮುನಿಶಾಮಪ್ಪನವರ ಸೈನು ಆಗಲೇ ಇತ್ತು.