ಮೂವರು ಬರೆದ ಎರಡು ಸಾಲು

ಮೈಲಾಪೂರಿನ ಮನೆಯಲ್ಲಿ ಕೂತು ನಾನು ಬರೆದ ಕೋಡು, ತಿರುವೊಟ್ಟಿಯೂರಿನಿಂದ ಕೆಲಸ ಮಾಡುವ ಇನ್ನೊಬ್ಬನ ಕೋಡು, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಎಂದು ಕಂಪನಿಯ ತಪಾಸಣೆಯ ಸಾಫ್ಟ್‌ವೇರ್ ಹೇಳಿತು. ಒಂದೇ ಕೆಲಸವನ್ನು ಯಾರೋ ಗಡಿಬಿಡಿಯಲ್ಲಿ ಇಬ್ಬರಿಗೂ ಕೊಟ್ಟಿದ್ದರು. ಆ ತಿರುವೊಟ್ಟಿಯೂರಿನವನ ಮುಖವನ್ನೂ ನಾನು ನೋಡಿರಲಿಲ್ಲ. ಆದರೂ ಕದ್ದವಳು ನಾನೇ ಎಂದಾಯಿತು. ಹೊಸದಾಗಿ ಸೇರಿದ್ದೆ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ನಮ್ಮ ಮ್ಯಾನೇಜರ್ ಮೈಸೂರಿನವರು. ನನ್ನೊಡನೆ ಯಾವಾಗಲೂ ಕನ್ನಡವೇ. ಅಂದು ಆಫೀಸಿಗೆ ಕರೆಸಿ ಬೈದದ್ದೂ ಕನ್ನಡದಲ್ಲೇ.

“ಒಪ್ಕೊಂಡ್‌ಬಿಡಮ್ಮಾ. ಇಲ್ಲಾಂದ್ರೆ ನಿನ್ನ ಕನ್ಫರ್ಮೇಶನ್‌ಗೆ ನಾನು ಸೈನ್ ಹಾಕಕ್ಕಾಗಲ್ಲ.”

ನನಗೆ ಮೈಯೆಲ್ಲ ಉರಿಯಿತು. “ನೀವು ಕೋಡು ತೆಗೆದು ನೋಡಿದ್ರಾ ಸಾರ್?”

“ನಾನ್ಯಾಕೆ ನೋಡ್ಲಿ? ರಿಪೋರ್ಟ್ ಇದೆಯಲ್ಲ.”

“ಹಾಗಾದ್ರೆ ನೀವೇ ಬರೀರಿ ಸಾರ್. ಸುಮ್ಮಾ ಎರಡು ಲೈನು.”

ಕೆಲಸ ಇಷ್ಟೇ: ಗ್ರಾಹಕರ ಹೆಸರಿನಿಂದ ಇನಿಶಿಯಲ್ ಬಿಡಿಸಬೇಕು. ಈ ತಮಿಳು ಊರಿನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ, ಒಂದು ಚುಕ್ಕೆ, ಆಮೇಲೆ ಹೆಸರು. ಶಾಲೆಯ ಹಾಜರಿಯಿಂದ ಮದುವೆ ಪತ್ರಿಕೆಯವರೆಗೂ ಹಾಗೆಯೇ. ಚುಕ್ಕೆ ಕಂಡಲ್ಲಿ ಕತ್ತರಿಸು. ಮೊದಲ ತುಂಡು ಇನಿಶಿಯಲ್, ಕೊನೆಯ ತುಂಡು ಹೆಸರು. ಇಲ್ಲಿ ಬಾಳುವ ಯಾರಿಗಾದರೂ ಬೇರೆ ದಾರಿ ಯಾಕೆ ಹೊಳೆಯಬೇಕು?

ಅವರು ಬೇಸರದಿಂದಲೇ ಎದ್ದು ಬೋರ್ಡಿನ ಮೇಲೆ ಬರೆದರು. ನಾನು ನನ್ನ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಅವೇ ಎರಡು ಸಾಲು. ತುಂಡುಗಳಿಗೆ ಕೊಟ್ಟ ಹೆಸರು ಕೂಡ ಅವೇ.

ಅವರು ಬೋರ್ಡನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. “ತಪ್ಪಾಯ್ತಮ್ಮಾ. ಇವತ್ತೇ ಸೈನ್ ಹಾಕಿ ಕಳಿಸ್ತೀನಿ.”

ಹೋದ ಜೀವ ಬಂದಂತಾಯಿತು. ಸ್ವಲ್ಪ ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ.

“ಸರಿಯಾಗಿ ಓಡುತ್ತೋ ಇಲ್ವೋ, ನೋಡೋಣ,” ಎಂದು ಅವರು ನನ್ನ ಲ್ಯಾಪ್‌ಟಾಪಿನಲ್ಲಿ ತಮ್ಮ ಪೂರ್ತಿ ಹೆಸರನ್ನೇ ಟೈಪ್ ಮಾಡಿದರು. ಮೈಸೂರು ಕಡೆಯ ಅನೇಕರಂತೆ ಅವರಿಗೆ ಎರಡು ಇನಿಶಿಯಲ್, ಮೊದಲು ಊರಿನದು, ನಂತರ ಅಪ್ಪನದು. ಪರದೆಯ ಮೇಲೆ ಊರಿನ ಅಕ್ಷರ ಬಂತು, ಅವರ ಹೆಸರು ಬಂತು. ನಡುವಿನದು ಇಲ್ಲ. ನಾವು ಮೂವರೂ ಅದನ್ನು ಬಿಟ್ಟೇ ಬರೆದಿದ್ದೆವು. ನನಗಾದರೆ ಇರುವುದೇ ಒಂದು ಇನಿಶಿಯಲ್. ಅವರಿಗೆ?

ಅವರು ಮತ್ತೆ ಒತ್ತಿದರು. ಮತ್ತೆ ಅಷ್ಟೇ ಬಂತು.

“ನಮ್ಮಪ್ಪ ಎಲ್ಲಮ್ಮಾ?” ಎಂದರು, ಮೆಲ್ಲಗೆ.